ಇಂದಿನ ಧಮ್ಮ ಚಿಂತನೆ: ಹೊಳೆ ದಡದ ಹಾದಿ





ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಕೆಲವು ದಿನ ಶಿವಮೊಗ್ಗದಲ್ಲಿ ಉಳಿದಿದ್ದೆ. ಬೆಳಗ್ಗೆ ತುಂಗಾ ನದಿಯ ದಡದ ಹಾದಿಯಲ್ಲಿ ನಡೆಯಲು ಹೋಗುತ್ತಿದ್ದೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಆದ ಈ ಹಾದಿಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಸಮತಟ್ಟಾದ ನೆಲ, ಒಂದು ಪಕ್ಕ ಊರು, ಇನ್ನೊಂದು ಪಕ್ಕ ಹೊಳೆ. ನಮ್ಮ ವರದಹಳ್ಳಿ ಕಡೆಯ ಗುಡ್ಡದ ಕಾಲುದಾರಿ ಹತ್ತಿ ಇಳಿದು ಬೆಳೆದ ನನಗೆ ಅಲ್ಲಿ ನಡೆಯುವುದು ಕೆಲಸವೇ ಅನ್ನಿಸಲಿಲ್ಲ, ಅಷ್ಟು ಸಲೀಸು.

ಎರಡನೆಯ ದಿನ ಒಬ್ಬ ಪೌರಕಾರ್ಮಿಕ ಮಹಿಳೆ ಉದ್ದ ಕಡ್ಡಿಪೊರಕೆ ಹಿಡಿದು ಎಲೆಗಳನ್ನು ಗುಡಿಸುತ್ತಿದ್ದರು. ನಾನು ಹತ್ತಿರ ಬಂದದ್ದು ಕಂಡು ಗುಡಿಸುವುದನ್ನು ನಿಲ್ಲಿಸಿ, ಪಕ್ಕಕ್ಕೆ ಸರಿದು, ತಲೆ ತಗ್ಗಿಸಿ ನಿಂತರು. ನಾನು ಮೊಬೈಲಿನಲ್ಲಿ ಎಷ್ಟು ಹೆಜ್ಜೆಯಾಯಿತು ಎಂದು ನೋಡಿಕೊಳ್ಳುತ್ತ ಮುಂದೆ ಹೋದೆ.

ಇಪ್ಪತ್ತು ಹೆಜ್ಜೆ ದಾಟಿರಬಹುದು, ಅಜ್ಜಿ ನೆನಪಾದಳು. ತೋಟದ ಕೆಲಸಕ್ಕೆ ಹೋಗುವಾಗ ಎದುರಿಗೆ ಒಡೆಯರು ಬಂದರೆ ಅಜ್ಜಿ ಹೀಗೆಯೇ ದಾರಿ ಬಿಟ್ಟು, ಧರೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳಂತೆ. ಈ ಕತೆಯನ್ನು ಸಭೆಗಳಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೇನೆ. ಈಗ ಒಬ್ಬರು ನನಗೆ ದಾರಿ ಬಿಟ್ಟು ನಿಂತಿದ್ದರು. ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ತಿರುಗಿ ಹೋದೆ. "ಯಾಕಕ್ಕ ಸರಿದು ನಿಂತ್ರಿ? ನಾನೇ ಪಕ್ಕದಲ್ಲಿ ಹೋಗ್ತಿದ್ದೆ" ಎಂದೆ.

"ಧೂಳು ಬೀಳ್ತದಲ್ಲ ಮೇಡಂ" ಎಂದು ನಕ್ಕರು.

"ಸಂಜೆ ಮಕ್ಕಳನ್ನ ಕರ್ಕೊಂಡು ಇಲ್ಲಿಗೆ ವಾಕಿಂಗ್ ಬರ್ತೀರಾ?"

"ನಮ್ಮಂಥೋರು ವಾಕಿಂಗ್ ಬರ್ತಾರಾ ಮೇಡಂ?"

ನನ್ನಲ್ಲಿ ಉತ್ತರವಿರಲಿಲ್ಲ. ಅವರನ್ನು ಯಾರೂ ತಡೆದಿಲ್ಲ. ಹಾಗೆಂದು ಅಲ್ಲಿ ಬೋರ್ಡೂ ಇಲ್ಲ. ಆದರೂ ದಿನಾ ತಾವೇ ಗುಡಿಸುವ ಹಾದಿ ತಮಗಾಗಿ ಇದೆ ಎಂದು ಅವರಿಗೆ ಅನ್ನಿಸಿಯೇ ಇಲ್ಲ.

ಬಂಧುಗಳೇ, ಸಂವಿಧಾನದ 15(2)ನೆಯ ವಿಧಿಯನ್ನು ಒಮ್ಮೆ ತೆರೆದು ಓದಿ. ಸರ್ಕಾರದ ಹಣದಿಂದ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕ ತಾಣ, ಇವುಗಳಲ್ಲಿ ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಯಾರಿಗೂ ಅಡ್ಡಿ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ಆ ಪದಗಳ ಹಿಂದೆ ಮಹಾಡ್ ಇದೆ. ಅಲ್ಲಿನ ಪುರಸಭೆ 1924ರಲ್ಲೇ ಚೌದಾರ್ ಕೆರೆ ಎಲ್ಲರಿಗೂ ಮುಕ್ತ ಎಂದು ಠರಾವು ಮಾಡಿತ್ತು. ಠರಾವು ಕಾಗದದಲ್ಲಿ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಕೆರೆಯವರೆಗೆ ನಡೆದು ಹೋಗಿ ನೀರು ಕುಡಿದರು. ಅದಕ್ಕಾಗಿ ನಮ್ಮವರು ಪೆಟ್ಟು ತಿಂದರು. ಕೋರ್ಟಿನಲ್ಲಿ ಜಯ ಸಿಗಲು 1937 ಬರಬೇಕಾಯಿತು. ಇಂದು ನಾವು ಚಪ್ಪಲಿ ಮೆಟ್ಟಿ, ತಲೆಯೆತ್ತಿ ಸಲೀಸಾಗಿ ನಡೆಯುವ ಪ್ರತಿ ಹಾದಿಯ ಹಿಂದೆ ಅಂಥ ಕಷ್ಟದ ನಡಿಗೆಗಳಿವೆ.

ಭಗವಾನ್ ಬುದ್ಧರು ನಡಿಗೆಯನ್ನೇ ಒಂದು ಸಾಧನೆಯಾಗಿ ಕಲಿಸಿದರು. ಅದಕ್ಕೆ ಚಂಕಮಣ ಎನ್ನುತ್ತೇವೆ. ಅಂಗುತ್ತರ ನಿಕಾಯದಲ್ಲಿ ಅದರ ಐದು ಪ್ರಯೋಜನಗಳು ಬರುತ್ತವೆ: ದೂರ ನಡೆಯುವ ಶಕ್ತಿ, ಸಾಧನೆಗೆ ಬೇಕಾದ ಶಕ್ತಿ, ಆರೋಗ್ಯ, ಉಂಡದ್ದು ಅರಗುವುದು, ಬಹುಕಾಲ ಉಳಿಯುವ ಏಕಾಗ್ರತೆ. ಮೊಬೈಲು ಎಣಿಸಿದ ಹೆಜ್ಜೆಯಿಂದ ನನಗೆ ಆರೋಗ್ಯ ಸಿಕ್ಕಿರಬಹುದು. ಎಚ್ಚರ ಮಾತ್ರ ಇರಲಿಲ್ಲ.

ಬುದ್ಧರು ಹೇಗೆ ನಡೆಯುತ್ತಿದ್ದರು ಎಂಬುದಕ್ಕೆ ಸುನೀತನ ಕತೆ ಇದೆ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಇದನ್ನು ಸೇರಿಸಿದ್ದಾರೆ. ಸುನೀತ ರಾಜಗೃಹದ ಬೀದಿ ಗುಡಿಸುವವನು. ಭಿಕ್ಖುಗಳೊಂದಿಗೆ ಬುದ್ಧರು ಬರುವುದು ಕಂಡು, ಅಡಗಲು ಜಾಗವಿಲ್ಲದೆ, ಹೊರೆ ಇಳಿಸಿ ಗೋಡೆಗೆ ಅಂಟಿ ಕೈಮುಗಿದು ನಿಂತ. ಬುದ್ಧರು ಅವನನ್ನು ದಾಟಿ ಹೋಗಲಿಲ್ಲ. ಹತ್ತಿರ ಹೋದರು, ಮಾತಾಡಿಸಿದರು, ಸಂಘಕ್ಕೆ ಕರೆದರು. ಗೋಡೆಗೆ ಅಂಟಿ ನಿಂತವನು ಭಿಕ್ಖುವಾದ. ಆ ಬೀದಿಯಲ್ಲಿ ಅವನನ್ನು ದಾಟಿ ಹೋದವರು ಎಷ್ಟು ಜನರಿದ್ದರೋ.

ಮೌಲ್ಯಮಾಪನದ ಕೊನೆಯ ದಿನ ಆ ಅಕ್ಕ ಪೊರಕೆಯನ್ನು ಕಲ್ಲುಬೆಂಚಿಗೆ ಒರಗಿಸಿ ನನ್ನ ಜೊತೆ ಸ್ವಲ್ಪ ದೂರ ನಡೆದರು. ನಡೆಯುವಾಗಲೂ ಅವರ ಕಣ್ಣು ಬಿದ್ದ ಎಲೆಗಳ ಮೇಲೆಯೇ ಇತ್ತು. "ಮಗಳನ್ನ ಒಂದಿನ ಕರ್ಕೊಂಡು ಬರ್ತೀನಿ" ಅಂದರು. ಅವರ ದುಡಿಮೆ ಇದರಿಂದ ಒಂದು ಕಡ್ಡಿಯಷ್ಟೂ ಹಗುರವಾಗಲಿಲ್ಲ, ನನಗೆ ಗೊತ್ತು. ಆದರೆ ಓದಿ ಕೆಲಸ ಹಿಡಿದ ನಾವು, ನಮ್ಮವರನ್ನೇ ದಾಟಿ ಹೋಗುವುದನ್ನು ಕಲಿತರೆ, ಮಹಾಡ್‌ನಲ್ಲಿ ನಡೆದವರಿಗೆ ಏನು ಉತ್ತರ ಕೊಡುವುದು?

ಇಂದಿನ ಅಭ್ಯಾಸ: ಈ ದಿನ ನೀವು ನಡೆಯುವ ಹಾದಿಯಲ್ಲಿ ಹತ್ತು ನಿಮಿಷ ಮೊಬೈಲು ಜೇಬಿನಲ್ಲಿರಲಿ. ಹೆಜ್ಜೆಯ ಮೇಲೆ ಎಚ್ಚರವಿಡಿ. ಆ ಹಾದಿಯನ್ನು ಗುಡಿಸಿದವರು ಸಿಕ್ಕರೆ ನಿಂತು ಮಾತಾಡಿಸಿ. ಅವರು ಸರಿಯುವ ಮೊದಲು ನೀವು ಸರಿಯಿರಿ.

ಎಲ್ಲರಿಗೂ ಮಂಗಲವಾಗಲಿ.
ಜೈ ಭೀಮ್. ನಮೋ ಬುದ್ಧಾಯ.