ಕಲ್ಪಿತ ವಿಮಾನದ ಅಳತೆ

ವಾಲ್ಮೀಕಿಯು ಪುಷ್ಪಕವನ್ನು ಮನೋವೇಗವುಳ್ಳದ್ದೆಂದನೇ ಹೊರತು ಅದರ ಕೀಲುಗಳ ಲೆಕ್ಕವನ್ನು ಒಪ್ಪಿಸಲಿಲ್ಲ, ಕೇಳಿದವರೂ ಇಲ್ಲ. ‘ವೈಮಾನಿಕ ಶಾಸ್ತ್ರ’ದ ರೀತಿಯೇ ಬೇರೆ. ಭರದ್ವಾಜ ಮಹರ್ಷಿಯ ಹೆಸರನ್ನು ಹೊತ್ತಿರುವ ಈ ಗ್ರಂಥವನ್ನು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಹೇಳಿ ಬರೆಯಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಅಂಗಾಂಗಗಳು ಅದರಲ್ಲಿ ಅಳತೆಸಹಿತವಾಗಿ ಬಂದಿವೆ. 1923ರಲ್ಲಿ ಎಲ್ಲಪ್ಪನವರೆಂಬ ನಕ್ಷೆಗಾರರು ಚಿತ್ರಗಳನ್ನೂ ಬರೆದುಕೊಟ್ಟರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಇದನ್ನು ಪರೀಕ್ಷಿಸಿ, ಗ್ರಂಥವು ಪ್ರಾಚೀನವಲ್ಲವೆಂದೂ ಈ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು.

ಹಾಗಾದರೆ ಕಲ್ಪಿತ ವಸ್ತುವಿಗೆ ಅಳತೆ ಕೊಡುವುದೇ ಅಸತ್ಯವೇ? ಅಲ್ಲ. ಕಥೆಯೆಂದು ಹೇಳಿಕೊಂಡೇ ಆಕಾಶನೌಕೆಯ ಬಾಗಿಲು, ಆಸನ, ಇಂಧನಗಳನ್ನು ಗೊತ್ತುಮಾಡುವವನು ಯಾರನ್ನೂ ವಂಚಿಸನು. ವಿವರಗಳು ಒಂದಕ್ಕೊಂದು ಹೊಂದಿಕೊಂಡರೆ ಆತನ ಋಣ ತೀರಿತು. ಅದೇ ಅಂಗುಲಗಳು ಋಷಿವಾಕ್ಯವೆಂದು ಬಂದಾಗ ಮಾತ್ರ ಅಳತೆಯು ನಂಬಿಕೆಯನ್ನು ಸಂಪಾದಿಸುವ ಉಪಾಯವಾಗುವುದು. ಶಾಸ್ತ್ರಿಗಳನ್ನು ವಂಚಕರೆನ್ನುವುದು ತರವಲ್ಲ; ತಮಗೆ ಹಾಗೆಯೇ ಸ್ಫುರಿಸಿತೆಂದು ಅವರು ನಂಬಿದ್ದಿರಬಹುದು. ಆದರೆ ಹೇಳಿದವರ ಶ್ರದ್ಧೆಯಿಂದ ರೆಕ್ಕೆಗೆ ಬಲ ಬಾರದು.

ಕೊಟ್ಟೂರಿನ ತೇರನ್ನೂ ಬಡಗಿಯು ಮೊದಲು ಮನಸ್ಸಿನಲ್ಲಿಯೇ ಕಟ್ಟಿರಬೇಕು. ಆದರೆ ಕೊಟ್ಟೂರೇಶ್ವರನಲ್ಲಿ ಆತನಿಗೆ ಎಷ್ಟೇ ಭಕ್ತಿಯಿರಲಿ, ಅಚ್ಚು ಭಾರವನ್ನು ಹೊರಲೇಬೇಕು, ಸುತ್ತಲೂ ಜನರಿರುವರು. 2017ರ ಜಾತ್ರೆಯಲ್ಲಿ ಆ ತೇರು ಉರುಳಿಬಿದ್ದು ಕೆಲವರು ಗಾಯಗೊಂಡರು.