ಕೊಸರು ಯಾರ ಬುಟ್ಟಿಯದು?

ನಾಗಮಂಗಲದ ಸಂತೆಯಾಗಲಿ, ಕೆ.ಆರ್. ಪೇಟೆಯ ಸಂತೆಯಾಗಲಿ, ನಮ್ಮ ಕಡೆಯ ಹೆಂಗಸರು ತೂಕ ಮುಗಿದ ಮೇಲೂ ಚೀಲದ ಬಾಯಿ ಮುಚ್ಚುವುದಿಲ್ಲ. ‘ಕೊಸರು ಹಾಕವ್ವ’ ಎಂದು ಕೇಳದೆ ಮುಂದೆ ಹೋದರೆ ವ್ಯಾಪಾರ ಮಾಡಿದಂತೆಯೇ ಅಲ್ಲ. ತರಕಾರಿಯಾಕೆ ಗೊಣಗುತ್ತಲೋ ನಗುತ್ತಲೋ ನಾಲ್ಕು ಹುರುಳಿಕಾಯಿ ಹೆಚ್ಚಿಗೆ ಹಾಕುತ್ತಾಳೆ. ಈ ಕೊಸರಿನಲ್ಲಿ ಒಂದು ಅನುಕೂಲವಿದೆ. ಅದು ಯಾರ ಬುಟ್ಟಿಯಿಂದ ಬಂತು ಎಂಬುದು ನಮ್ಮ ಕಣ್ಣಿಗೆ ಕಾಣುತ್ತದೆ. ಬುಟ್ಟಿ ಬರಿದಾಗಿದ್ದರೆ, ಆಕೆಯ ಮುಖ ಬಾಡಿದ್ದರೆ, ‘ಇರಲಿ ಬಿಡವ್ವ’ ಎಂದು ನಾವೇ ಮುಂದೆ ನಡೆಯುತ್ತೇವೆ.

ಈಗ ಬುಟ್ಟಿಯೇ ಕಾಣದ ಕೊಸರೊಂದು ನಮ್ಮ ಸಣ್ಣ ಊರುಗಳಿಗೂ ಬಂದಿದೆ. ಕ್ರೆಡಿಟ್ ಕಾರ್ಡಿನ ರಿವಾರ್ಡ್ ಪಾಯಿಂಟು ಎಂದು ಅದರ ಹೆಸರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ಯುಗಾದಿಗೆ ಪಾಂಡವಪುರಕ್ಕೆ ಬಂದವಳು ಮೊಬೈಲಿನಲ್ಲಿ ಮೂರು ಕಾರ್ಡುಗಳ ಜಾತಕ ಬಿಡಿಸಿ ಕೂತಳು. ಒಂದರಲ್ಲಿ ಹೋಟೆಲಿನ ಬಿಲ್ಲಿಗೆ ನೂರಕ್ಕೆ ಐದು ರೂಪಾಯಿ ವಾಪಸ್ಸು, ಆದರೆ ವರ್ಷಕ್ಕೆ 500 ರೂಪಾಯಿ ಶುಲ್ಕ. ಇನ್ನೊಂದರಲ್ಲಿ ಶುಲ್ಕವಿಲ್ಲ, ವಾಪಸ್ಸು ಒಂದೇ ರೂಪಾಯಿ. ಮೂರನೆಯದರ ಷರತ್ತು ಓದಿ ಮುಗಿಸುವಷ್ಟರಲ್ಲಿ ಒಬ್ಬಟ್ಟಿನ ಹೂರಣ ಆರಿಹೋಯಿತು.

‘ದೊಡ್ಡಮ್ಮ, ಹೇಗೂ ತಿಂಗಳಿಗೆ ಮೂರು ನಾಲ್ಕು ಸಲ ಎಲ್ಲರೂ ಹೋಟೆಲಿಗೆ ಹೋಗ್ತೀರಲ್ಲ. ಬರೋ ದುಡ್ಡನ್ನ ಸುಮ್ನೆ ಯಾಕೆ ಬಿಡ್ತೀಯ? ನೀನೂ ಒಂದು ತಗೋ’ ಎಂದಳು.

ಸರಿ, ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆವು. ತಿಂಗಳಿಗೆ 2,000 ರೂಪಾಯಿ ಹೋಟೆಲಿಗೆ ಹಾಕಿದರೆ ವರ್ಷಕ್ಕೆ 24,000. ಅದರಲ್ಲಿ ನೂರಕ್ಕೆ ಐದರಂತೆ 1,200. ಶುಲ್ಕಕ್ಕೆ ಶೇಕಡಾ 18 ಜಿಎಸ್‌ಟಿ ಸೇರಿಸಿ 590 ಕಳೆದರೆ ಉಳಿದದ್ದು 610. ಅಂದರೆ ತಿಂಗಳಿಗೆ ಐವತ್ತು ರೂಪಾಯಿ ಚಿಲ್ಲರೆ, ಒಂದು ಮಸಾಲೆ ದೋಸೆ. ಅದೂ ಬಿಲ್ಲೆಲ್ಲ ಪಾಯಿಂಟಿಗೆ ಸೇರಿದರೆ. ಬ್ಯಾಂಕಿನ ಪಟ್ಟಿಯಲ್ಲಿ ಆ ಅಂಗಡಿ ‘ರೆಸ್ಟೋರೆಂಟ್’ ಎಂದು ನಮೂದಾಗಿರಬೇಕು. ನಮ್ಮ ಬಸ್‌ಸ್ಟ್ಯಾಂಡಿನ ಇಡ್ಲಿ ಹೋಟೆಲಿನಲ್ಲಿ ಕಾರ್ಡು ಉಜ್ಜುವ ಯಂತ್ರವೇ ಇಲ್ಲ.

ಅದೇ ಹಾಳೆಯಲ್ಲಿ ಇನ್ನೊಂದು ಲೆಕ್ಕವನ್ನೂ ಬರೆದೆವು. ಒಂದು ತಿಂಗಳು 10,000 ರೂಪಾಯಿಯ ಬಾಕಿ ಕಟ್ಟಲಾಗದೆ ಮುಂದಕ್ಕೆ ಹೋಯಿತೆನ್ನಿ. ತಿಂಗಳಿಗೆ ಶೇಕಡಾ ಮೂರೂವರೆಯಷ್ಟು ಬಡ್ಡಿ ಈ ಕಾರ್ಡುಗಳಲ್ಲಿ ಸಾಮಾನ್ಯ. 350 ರೂಪಾಯಿ ಬಡ್ಡಿ, ಬಡ್ಡಿಯ ಮೇಲೆ ತೆರಿಗೆ, ತಡವಾದದ್ದಕ್ಕೆ ದಂಡ. ‘ಕನಿಷ್ಠ ಬಾಕಿ’ ಎಂದು ಬಿಲ್ಲಿನಲ್ಲಿ ಸಣ್ಣ ಮೊತ್ತವೊಂದು ಇರುತ್ತದೆ. ಅದನ್ನು ಕಟ್ಟಿದರೆ ದಂಡ ತಪ್ಪುತ್ತದೆಯೇ ಹೊರತು ಬಡ್ಡಿ ತಪ್ಪುವುದಿಲ್ಲ. ಅಷ್ಟೇ ಅಲ್ಲ, ಆಮೇಲೆ ಕೊಂಡದ್ದಕ್ಕೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ವರ್ಷದ ಹನ್ನೆರಡು ದೋಸೆಗಳಲ್ಲಿ ಒಂದೇ ತಿಂಗಳ ಮರೆವು ಎಂಟು ಹತ್ತನ್ನಾದರೂ ನುಂಗೀತು.

ಲಾಭ ನಷ್ಟದ ಮಾತು ಅಲ್ಲಿಗೆ ಮುಗಿಯಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಸಂತೆಯ ಪ್ರಶ್ನೆ. ಈ ಕೊಸರು ಯಾರ ಬುಟ್ಟಿಯದು?

ಹೋಟೆಲಿಗೂ ಕಾರ್ಡಿಗೂ ಹಳೆಯ ನಂಟು. 1950ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಡೈನರ್ಸ್ ಕ್ಲಬ್ ಕಾರ್ಡು ಊಟದ ಬಿಲ್ಲಿಗೆಂದೇ ಬಂದದ್ದು. ಉಂಡವನಿಂದ ಬಡ್ಡಿಯಿಲ್ಲ, ಬಿಲ್ಲಿನಲ್ಲಿ ನೂರಕ್ಕೆ ಏಳನ್ನು ಹೋಟೆಲಿನವನಿಂದ ಹಿಡಿಯುತ್ತಿದ್ದರು. ನಮ್ಮಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ತನ್ನ ಕ್ರೆಡಿಟ್ ಕಾರ್ಡು ತಂದಿತು. ಇಂದಿಗೂ ಕ್ರೆಡಿಟ್ ಕಾರ್ಡು ಉಜ್ಜಿದಾಗ ನೂರಕ್ಕೆ ಸುಮಾರು ಎರಡು ರೂಪಾಯಿ ಅಂಗಡಿಯವರ ಕೈತಪ್ಪುತ್ತದೆ. ನಮ್ಮ ಪಾಯಿಂಟಿನ ಒಂದು ಪಾಲು ಅಲ್ಲಿಂದ ಬರುತ್ತದೆ. ಇನ್ನೊಂದು ಪಾಲು ಬರುವುದು ಬಾಕಿ ತೀರಿಸಲಾಗದೆ ಬಡ್ಡಿ ಕಟ್ಟುವವರಿಂದ.

ಇದನ್ನು ಸುಲಿಗೆ ಎಂದುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ನಮ್ಮೂರ ಹೋಟೆಲುಗಳ ಗಲ್ಲಾದ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ನೇತಾಡುತ್ತಿದ್ದದ್ದು ನೆನಪಿದೆಯಲ್ಲ? ಬೋರ್ಡಿನ ಕೆಳಗೇ ಲೆಕ್ಕದ ಪುಸ್ತಕವೂ ಇರುತ್ತಿತ್ತು. ಮೇಷ್ಟ್ರುಗಳು, ಕಂಡಕ್ಟರುಗಳು ತಿಂಗಳಿಡೀ ತಿಂದು ಸಂಬಳದ ದಿನ ತೀರಿಸುತ್ತಿದ್ದರು. ವರ್ಗವಾಗಿ ಹೋದವನ ಬಾಕಿ ಪುಸ್ತಕದಲ್ಲೇ ಉಳಿಯುತ್ತಿತ್ತು. ಆ ಭಾರವನ್ನು ಈಗ ಬ್ಯಾಂಕು ಹೊರುತ್ತದೆ, ಮಾಲೀಕನಿಗೆ ಹಣ ಬೇಗ ಸೇರುತ್ತದೆ. ಅದಕ್ಕೊಂದು ಕೂಲಿ ಕೇಳಿದರೆ ತಪ್ಪೇನು?

ತಪ್ಪಿರುವುದು ಬೇರೆ ಕಡೆ. ಮಾಲೀಕ ಆ ಎರಡು ರೂಪಾಯಿಯನ್ನು ಮನೆಯಿಂದ ತರುವುದಿಲ್ಲ, ಇಡ್ಲಿಯ ಬೆಲೆಯಲ್ಲಿ ಸೇರಿಸುತ್ತಾನೆ. ಬೆಲೆಯ ಬೋರ್ಡು ಎಲ್ಲರಿಗೂ ಒಂದೇ. ಗಾರೆ ಕೆಲಸ ಮುಗಿಸಿ ಸೆರಗಿನ ಗಂಟು ಬಿಚ್ಚಿ ಹಣ ಕೊಡುವ ಹೆಂಗಸೂ ಅದೇ ಬೆಲೆ ಕೊಡುತ್ತಾಳೆ. ಆದರೆ ಪಾಯಿಂಟು ಬರುವುದು ಪಕ್ಕದ ಮೇಜಿನ ನನಗೆ. 2010ರಲ್ಲಿ ಅಮೆರಿಕದ ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ಅಲ್ಲಿನ ಲೆಕ್ಕ ಹಾಕಿದರು. ನಗದು ಬಳಸುವ ಒಂದು ಸಂಸಾರ ಹೀಗೆ ವರ್ಷಕ್ಕೆ ಸರಾಸರಿ 149 ಡಾಲರನ್ನು ಕಾರ್ಡಿನವರಿಗೆ ತನಗರಿವಿಲ್ಲದೆಯೇ ಕೊಡುತ್ತಿತ್ತು. ನಮ್ಮ ಕಡೆ ಕಾರ್ಡು ಬಳಸುವವರು ಕಡಿಮೆ, ಆದ್ದರಿಂದ ಮೊತ್ತವೂ ಚಿಕ್ಕದೇ ಇದ್ದೀತು. ಹರಿಯುವ ದಿಕ್ಕು ಮಾತ್ರ ಅದೇ, ಇಲ್ಲದವರಿಂದ ಇದ್ದವರ ಕಡೆಗೆ.

ಬಡ್ಡಿಯ ಪಾಲನ್ನಂತೂ ಮಂಡ್ಯ ಜಿಲ್ಲೆಯವರು ಹಗುರವಾಗಿ ನೋಡಲಾರೆವು. ಕಬ್ಬಿನ ಹಣ ತಡವಾದರೆ ಮನೆಯ ಒಡವೆ ಎಲ್ಲಿಗೆ ಹೋಗುತ್ತದೆಂದು ಬಲ್ಲವರು ನಾವು. 2015ರಲ್ಲಿ ಸಾಲದಿಂದ ಜೀವ ಕಳೆದುಕೊಂಡ ರೈತರ ಸುದ್ದಿಯಲ್ಲಿ ನಮ್ಮ ಜಿಲ್ಲೆಯ ಹೆಸರು ಮತ್ತೆ ಮತ್ತೆ ಬಂದಿತ್ತು. ಎಲ್ಲಿಯೋ ಯಾರೋ ನಿದ್ದೆಗೆಟ್ಟು ಕಟ್ಟಿದ ಬಡ್ಡಿಯ ಒಂದು ತುಣುಕು ನನ್ನ ದೋಸೆಯ ಮೇಲೆ ಬೆಣ್ಣೆಯಾಗಿ ಬಂದರೆ, ಅದು ಕಾಣುವುದಿಲ್ಲ ಎಂಬ ಕಾರಣಕ್ಕೆ ಇಲ್ಲವಾಗಿಬಿಡುತ್ತದೆಯೇ?

‘ನಾನೊಬ್ಬಳು ಪಾಯಿಂಟು ಬಿಟ್ಟರೆ ಇಡ್ಲಿ ಬೆಲೆ ಇಳಿಯುತ್ತಾ ದೊಡ್ಡಮ್ಮ?’ ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಇಳಿಯುವುದಿಲ್ಲ. ಬರಿದಾದ ಬುಟ್ಟಿಯವಳಲ್ಲಿ ನಾವು ಬಿಟ್ಟ ನಾಲ್ಕು ಹುರುಳಿಕಾಯಿಯಿಂದ ಅವಳೇನೂ ಸಾಹುಕಾರ್ತಿಯಾಗುವುದಿಲ್ಲ. ಆದರೂ ಬಿಡುತ್ತೇವಲ್ಲ? ಎದುರಿನವಳ ಬುಟ್ಟಿ ನೋಡುವ ಅಭ್ಯಾಸ ನಮ್ಮಿಂದ ಹೋಗಬಾರದೆಂದು ಬಿಡುತ್ತೇವೆ. ಫಲ ದೊಡ್ಡದಾಗಿದ್ದರಷ್ಟೇ ಸರಿಯಾದದ್ದನ್ನು ಮಾಡುವುದಾದರೆ ಸಂಸಾರದಲ್ಲಿ ನಾವು ಮಾಡುವ ಎಷ್ಟೋ ಕೆಲಸಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಹಾಗೆಂದು ಕಾರ್ಡನ್ನು ಮುಟ್ಟಬಾರದೆಂದು ನಾನು ಹೇಳಲಿಲ್ಲ. ಊರಾಚೆ ಇರುವ ಹುಡುಗಿಗೆ ಆಸ್ಪತ್ರೆ, ಪ್ರಯಾಣ ಎಂದು ಆಪತ್ತಿಗೆ ಅದು ಬೇಕು. ಶುಲ್ಕವಿಲ್ಲದ ಕಾರ್ಡನ್ನೇ ಇಟ್ಟುಕೊಂಡಳು, ಬಿಲ್ಲು ಪೂರ್ತಿಯಾಗಿ ತಾನಾಗಿ ಕಟ್ಟಿಹೋಗುವಂತೆ ಬ್ಯಾಂಕಿಗೆ ತಿಳಿಸಿದಳು. ಸಣ್ಣ ಹೋಟೆಲಿನಲ್ಲಿ ಖಾತೆಯಿಂದ ನೇರ ಯುಪಿಐ ಮಾಡುವುದೆಂದು ಒಪ್ಪಿದಳು. ಅದರ ಮೇಲೆ ಅಂಗಡಿಯವರಿಂದ ಹಿಡಿಯುತ್ತಿದ್ದ ಶುಲ್ಕವನ್ನು 2020ರ ಜನವರಿಯಿಂದ ಸರ್ಕಾರ ತೆಗೆದುಹಾಕಿತು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಎಷ್ಟೋ ಕಾರುಗಳು ಶ್ರೀರಂಗಪಟ್ಟಣದ ಒಳಗೆ ಬಾರದೆ ಹೊರಗಿನಿಂದಲೇ ಹೋಗುತ್ತವೆ. ಹಳೆಯ ರಸ್ತೆಯ ಹೋಟೆಲಿನವನಿಗೆ ನೂರಕ್ಕೆ ಎರಡು ಸಣ್ಣ ಮಾತಲ್ಲ.

ನಾನು ಕಾರ್ಡು ತೆಗೆದುಕೊಳ್ಳಲಿಲ್ಲ. ಅದಕ್ಕೆ ಇನ್ನೂ ಒಂದು ಕಾರಣವಿದೆ, ಅದನ್ನು ನೀವು ಒಪ್ಪುತ್ತೀರೆಂದು ನಂಬಿದ್ದೇನೆ. ನಾವು ಹೆಂಗಸರು ಹೋಟೆಲಿಗೆ ಹೋಗಲು ಸದಾ ಒಂದು ನೆಪ ಹುಡುಕುತ್ತೇವೆ. ಮಕ್ಕಳು ಕೇಳಿದರು, ನೆಂಟರು ಬಂದರು, ಗ್ಯಾಸು ಮುಗಿಯಿತು. ಈಗ ‘ಐದು ಪರ್ಸೆಂಟ್ ವಾಪಸ್ ಬರುತ್ತೆ’ ಎಂಬುದು ಹೊಸ ನೆಪ. ದಿನಕ್ಕೆ ಮೂರು ಹೊತ್ತು ಒಲೆಯ ಮುಂದೆ ನಿಂತವಳಿಗೆ ಒಂದು ಸಂಜೆ ಬೇಸರವಾಯಿತು ಎಂದರೆ ಅದೇ ಸಾಕಾದ ಕಾರಣ. ಆ ಬಿಡುವು ನಮ್ಮ ದುಡಿಮೆಯದು. ಅದಕ್ಕೆ ಇನ್ನೊಬ್ಬರ ಬುಟ್ಟಿಯಿಂದ ಕೊಸರು ಬೇಕಾಗಿಲ್ಲ.