ದೊಡ್ಡ ದನಿಯ ಹೊಣೆ

ಬೈಕಿನ ಜೊತೆಗೆ ಬರುವ ಹಾರ್ನ್ ಸಾಲದೆಂದು ಇನ್ನೂ ಜೋರಾದುದನ್ನು ಹಾಕಿಸಿಕೊಳ್ಳುವ ಯುವಕರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿಯೂ ಇದ್ದಾರೆ. ಇದನ್ನು ಬರಿಯ ಷೋಕಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಹೊನ್ನಾಳಿಯ ಮೂಲಕ ಶಿವಮೊಗ್ಗ-ಹರಿಹರಗಳ ನಡುವೆ ಓಡುವ ಲಾರಿಯ ಚಾಲಕನಿಗಾಗಲಿ, ಹಾಡು ಹಾಕಿಕೊಂಡು ಹೋಗುವ ಟ್ರ್ಯಾಕ್ಟರಿನವನಿಗಾಗಲಿ ಬೈಕಿನ ತೆಳುದನಿ ಕೇಳಿಸುವುದು ಕಷ್ಟ. ಕೇಳಿಸದಿದ್ದರೆ ಪೆಟ್ಟು ಬೀಳುವುದು ಬೈಕಿನವನಿಗೇ. ತಾನು ಇಲ್ಲಿರುವೆನೆಂದು ತಿಳಿಸುವುದು ಅವನ ಹಕ್ಕು. ಮನೆಯಲ್ಲಿ ಕಾಯುವವರನ್ನು ನೆನೆದರೆ ಕರ್ತವ್ಯವೂ ಹೌದು.

ಆದರೆ ಸದ್ದಿಗೆ ಆಯ್ಕೆ ತಿಳಿಯದು. ಲಾರಿಗೆಂದು ಹೊರಟ ಸದ್ದು, ಸುಗ್ಗಿಯಲ್ಲಿ ರಸ್ತೆಯಂಚಿಗೆ ಮೆಕ್ಕೆಜೋಳ ಹರವಿ, ಬೆನ್ನು ತಿರುಗಿಸಿ ಕಾಳಾಡಿಸುತ್ತಿರುವ ತಾಯಿಗೂ ಬಡಿಯುತ್ತದೆ. ಬೆಚ್ಚಿಬಿದ್ದವರು ತಪ್ಪು ಬದಿಗೆ ಹೆಜ್ಜೆಯಿಡುವುದೂ ಉಂಟು. ನನ್ನ ಸುರಕ್ಷತೆಯ ಬೆಲೆಯನ್ನು ಆಕೆಯಿಂದ ವಸೂಲು ಮಾಡಬಹುದೇ? ಪ್ರಶ್ನೆ ಇರುವುದು ಇಲ್ಲಿ.

ಜೋಡಣೆಯ ಕ್ರಮವೇ ನಮಗೊಂದು ಪಾಠ ಹೇಳುತ್ತದೆ. ದೊಡ್ಡ ಹಾರ್ನ್ ಎಳೆಯುವ ವಿದ್ಯುತ್ತನ್ನು ಹಳೆಯ ತಂತಿಯೂ ಗುಂಡಿಯೂ ತಾಳಲಾರವು. ಆದುದರಿಂದ ಬಲ್ಲ ಮೆಕ್ಯಾನಿಕ್ ಫ್ಯೂಸಿನೊಂದಿಗೆ ರಿಲೇ ಜೋಡಿಸಿ, ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಒದಗಿಸುತ್ತಾನೆ. ಗುಂಡಿಯಲ್ಲಿ ಹರಿಯುವುದು ಅಲ್ಪ ಪ್ರವಾಹ ಮಾತ್ರ. 10 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ 10 ಪಟ್ಟಾಗುತ್ತದೆ. ಹೆಬ್ಬೆರಳಿಗೆ ಮಾತ್ರ ಗುಂಡಿ ಮೊದಲಿನಷ್ಟೇ ಹಗುರ. ಬಲ ಹೆಚ್ಚಿದಾಗ ಅದರ ಭಾರ ಬಳಸುವವನಿಗೆ ತಿಳಿಯುವುದಿಲ್ಲ. ಅಧಿಕಾರ, ಹಣ, ಮಾತು ಇವೆಲ್ಲದರ ಸ್ವಭಾವವೂ ಹೀಗೆಯೇ. ಕೈಗೆ ತಿಳಿಯದುದನ್ನು ಮನಸ್ಸಾಕ್ಷಿಯೇ ತೂಗಬೇಕು.

ಕಾನೂನು ಒಂದು ಗಡಿ ಹಾಕಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಲವು ಸ್ವರದ, ಕರ್ಕಶವಾದ ಹಾರ್ನ್‌ಗಳನ್ನು ನಿಷೇಧಿಸುತ್ತವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ಕನಿಷ್ಠ 100 ಮೀಟರ್ ಪ್ರದೇಶ ನಿಶ್ಶಬ್ದ ವಲಯವಾಗಬಹುದು. ಆದರೆ ಕಾನೂನಿಗೊಪ್ಪುವ ಹಾರ್ನನ್ನೂ ಹಿಂಸೆಯಾಗುವಂತೆ ಬಾರಿಸಬಹುದು. ಎಲ್ಲರೂ ದನಿ ಏರಿಸಿದರೆ ಯಾರ ದನಿಯೂ ಮೇಲೆ ಕೇಳಿಸದು. ಊರಿನ ನೆಮ್ಮದಿ ಮಾತ್ರ ಕಳೆದಿರುತ್ತದೆ.

ಇನ್ನೊಬ್ಬರನ್ನೂ ನೆನೆಯೋಣ. ಕಿವಿ ಕೇಳಿಸದ ನೆರೆಯವರೂ ಅದೇ ರಸ್ತೆಯಲ್ಲಿ ನಡೆಯುತ್ತಾರೆ. ಎಷ್ಟು ದೊಡ್ಡ ಹಾರ್ನ್ ಆದರೂ ಅವರನ್ನು ಕಾಪಾಡದು, ಕಾಪಾಡುವುದು ಬ್ರೇಕ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕು ಒಂದೇ ಸೆಕೆಂಡಿಗೆ 16 ಮೀಟರ್‌ಗೂ ಹೆಚ್ಚು ದೂರ ಸಾಗುತ್ತದೆ. ಹಾರ್ನ್ ಇನ್ನೊಬ್ಬನಿಗೆ ‘ನೀನು ಸರಿ’ ಎನ್ನುತ್ತದೆ. ಬ್ರೇಕ್ ‘ನಾನು ನಿಲ್ಲುತ್ತೇನೆ’ ಎನ್ನುತ್ತದೆ. ಹಾರ್ನಿದೆಯೆಂಬ ಧೈರ್ಯದಿಂದ ವೇಗ ಹೆಚ್ಚಿಸಿದವನು ತನ್ನ ಹೊಣೆಯನ್ನು ಪರರ ಕಿವಿಯ ಮೇಲೆ ಹೊರಿಸುತ್ತಾನೆ.

ಆದುದರಿಂದ ತಂದೆತಾಯಿಗಳೇ, ಮಗನು ಹೊಸ ಹಾರ್ನಿಗೆ ಹಣ ಕೇಳಿದರೆ ಗದರಬೇಡಿರಿ. ಬ್ರೇಕ್ ಸವೆದಿದೆಯೇ, ಹೆಲ್ಮೆಟ್ ಇದೆಯೇ ಎಂದು ಮೊದಲು ಕೇಳಿರಿ. ಅವು ಸರಿಯಿದ್ದು, ಹೆದ್ದಾರಿಯ ಪ್ರಯಾಣವೂ ನಿಜವಾಗಿದ್ದರೆ, ನಿಯಮಕ್ಕೊಪ್ಪುವ ಹಾರ್ನ್ ಕೊಡಿಸಿರಿ. ಜೊತೆಗೆ, ಊರೊಳಗೆ ಬಂದಾಗ ಗುಂಡಿಯಿಂದ ಹೆಬ್ಬೆರಳು ತೆಗೆದು ವೇಗ ಇಳಿಸಬೇಕೆಂಬ ಮಾತನ್ನೂ ಅವನಿಂದ ಪಡೆಯಿರಿ.